ಕೌದಿ ತೊಟ್ಟ ಮೋಟಾರ್‌ಸೈಕಲ್

ಮೋಟಾರ್‌ಸೈಕಲ್ಲಿನ ವಯರಿಂಗ್ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಮೊದಲು ಕೇಳುವುದು, ಕರೆಂಟು ಪರೀಕ್ಷಿಸಲು ಯಾವ ಮೀಟರ್ ಕೊಳ್ಳಬೇಕು ಎಂದು. ಕೈಗೆ ಒಗ್ಗುವುದನ್ನು ಕೊಳ್ಳಿ ಎನ್ನುತ್ತೇನೆ. ಮೀಟರ್ ಹಿಡಿಯುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅದನ್ನು ನಾನು ಕಲಿತದ್ದು ನಿವೃತ್ತಿ ಹತ್ತಿರವಾದಾಗ, ಒಂದು ಹರಿದ ಸೀರೆಯ ಅಂಚಿನಿಂದ. ಆ ಕಥೆ ಹೇಳುವ ಮೊದಲು, ಅಲ್ಲಿಯವರೆಗೆ ನಾನು ಏನು ಕಲಿತಿದ್ದೆ ಎಂಬುದನ್ನೂ ಹೇಳಬೇಕು.

ನಾನು ತುಮಕೂರಿನ ಕಡೆಯವನು. ಸೈನ್ಯಕ್ಕೆ ವಾಹನ ಎಲೆಕ್ಟ್ರಿಷಿಯನ್ ಆಗಿ ಸೇರಿದೆ. ಅಲ್ಲಿ ದಿನ ಶುರುವಾಗುತ್ತಿದ್ದುದೇ ಉಪಕರಣಗಳ ಹಾಜರಿಯಿಂದ. ಒಂದು ಪಾನಾ ಕಾಣೆಯಾದರೆ ಅದು ಸಿಗುವವರೆಗೆ ಯಾರಿಗೂ ತಿಂಡಿಯಿಲ್ಲ. ಆ ಶಿಸ್ತು ನನಗೆ ಇಷ್ಟವಾಯಿತು, ಇಂದಿಗೂ ಇಷ್ಟ. ಈಗಲೂ ನನ್ನ ಸ್ಕ್ರೂಡ್ರೈವರುಗಳು ಎತ್ತರದ ಪ್ರಕಾರ ನಿಂತಿರುತ್ತವೆ. ನನ್ನ ಹೆಂಡತಿ ಸರೋಜಾ ಅಡುಗೆಮನೆಯ ಸೌಟುಗಳನ್ನು ಹಾಗೆ ನಿಲ್ಲಿಸಲು ಒಪ್ಪಿಲ್ಲ, ಅದು ಬೇರೆ ಮಾತು.

ಅಲ್ಲಿ ನಮಗೆ ಕಲಿಸುತ್ತಿದ್ದ ಉಸ್ತಾದರ ಕೈಯಲ್ಲಿ ಮೀಟರ್ ಇರುತ್ತಿರಲಿಲ್ಲ. ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ವಯರು, ಅಷ್ಟೆ. ಒಮ್ಮೆ ಜನರಲ್ ಸಾಹೇಬರ ತಪಾಸಣೆ ಎಂದು ಎಲ್ಲ ಮೋಟಾರ್‌ಸೈಕಲ್ಲುಗಳಿಗೂ ಹಸಿರು ಬಣ್ಣ ಬಳಿದೆವು. ಸೈನ್ಯದಲ್ಲಿ ನಿಂತಿರುವ ಯಾವುದಕ್ಕೂ ಬಣ್ಣ ಬಳಿಯುತ್ತಾರೆ. ತಪಾಸಣೆಯ ಬೆಳಿಗ್ಗೆ ನೋಡಿದರೆ ಗಾಡಿಗಳ ದೀಪ ಮಂಕು, ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ. ನಾವು ಡೈನಮೋ ಬಿಚ್ಚಲು ಹೊರಟೆವು. ಉಸ್ತಾದರು ತಮ್ಮ ಬಲ್ಬಿನ ಒಂದು ವಯರನ್ನು ಬ್ಯಾಟರಿಗೂ ಇನ್ನೊಂದನ್ನು ಗಾಡಿಯ ಕಬ್ಬಿಣದ ಚಾಸಿಗೂ ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ. ಬ್ಯಾಟರಿಯ ವಯರನ್ನು ಚಾಸಿಗೆ ಕೂಡಿಸುವ ಅರ್ತಿಂಗ್ ಬೋಲ್ಟನ್ನು ಬಿಚ್ಚಿ ನಾವು ಅದರ ಕೆಳಗೂ ಬಣ್ಣ ಬಳಿದಿದ್ದೆವು.

"ಬಣ್ಣ ಬೇಕಾದದ್ದು ಜನರಲ್ ಸಾಹೇಬರಿಗೆ. ಕರೆಂಟಿಗೆ ಬೇಕು ಅಂತ ನಿನಗೆ ಯಾರು ಹೇಳಿದರು?" ಎಂದರು ಉಸ್ತಾದರು.

ಬೋಲ್ಟಿನ ಕೆಳಗೆ ಕೆರೆದೆವು, ದೀಪಗಳು ಹತ್ತಿದವು. ಅಂದಿನಿಂದ ಯಾವ ಗಾಡಿ ಬಂದರೂ ನನ್ನ ಕೈ ಮೊದಲು ಹೋಗುವುದು ಅರ್ತಿಂಗ್ ಬೋಲ್ಟಿಗೆ. ಆ ಒಂದು ಅಭ್ಯಾಸ ನನಗೆ ಎಷ್ಟು ಕಾಲ ಅನ್ನ ಹಾಕಿತೋ ಹೇಳಲಾರೆ.

ಸೈನ್ಯ ಬಿಟ್ಟ ಮೇಲೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಯ ವಾಹನ ವರ್ಕ್‌ಶಾಪಿಗೆ ಬಂದೆ. ತುರ್ತು ಟಪಾಲು ಹೊತ್ತು ಕಚೇರಿಯಿಂದ ಕಚೇರಿಗೆ ಓಡುವ ಸವಾರರ ಮೋಟಾರ್‌ಸೈಕಲ್ಲುಗಳು ನಮ್ಮ ಪಾಲಿನವು. ವರ್ಕ್‌ಶಾಪಿನ ಮುಖ್ಯಸ್ಥರು ಚೌಹಾಣ್ ಸಾಹೇಬರು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ದನಿ. ನನ್ನ ಜೊತೆಯ ಎಲೆಕ್ಟ್ರಿಷಿಯನ್ ನಯೀಮ್, ಹಳೇ ದೆಹಲಿಯವನು. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು.

ಚೌಹಾಣ್ ಸಾಹೇಬರದು ಒಂದೇ ಕಟ್ಟಪ್ಪಣೆ. ಅದನ್ನು ಗೋಡೆಯ ಮೇಲೂ ಬರೆಸಿದ್ದರು: ಕಂಪನಿ ಕೊಟ್ಟದ್ದಲ್ಲದ ಯಾವುದು ಗಾಡಿಯ ಮೇಲಿದ್ದರೂ ಮೊದಲು ತೆಗೆಯಿರಿ. ಅದನ್ನೇ ಬಾಯಲ್ಲಿ ಹೇಳುವಾಗ "ಪೆಹಲೇ ನಂಗಾ ಕರೋ" ಎನ್ನುತ್ತಿದ್ದರು. ಬತ್ತಲೆ ಮಾಡಿ, ತೊಳೆದು, ಗಾಳಿ ಹೊಡೆದು ಒಣಗಿಸಿ, ಆಮೇಲೆ ಪರೀಕ್ಷೆ. ಈ ನಿಯಮಕ್ಕೆ ಕಾರಣವಿತ್ತು. ಸವಾರರು ತಮ್ಮ ಗಾಡಿಗೆ ಏನನ್ನು ಕಟ್ಟುವುದಿಲ್ಲ ಹೇಳಿ! ಲಾರಿಯ ಹಾರ್ನ್, ಮೊಬೈಲ್ ಚಾರ್ಜರ್, ನೀಲಿ ದೀಪದ ಸರ. ಎಲ್ಲಕ್ಕೂ ಕರೆಂಟು ಹೆಡ್‌ಲೈಟಿನ ವಯರಿನಿಂದಲೇ. ವಯರಿನ ಚರ್ಮ ಹಲ್ಲಿನಲ್ಲಿ ಸುಲಿದು, ತಿರುಚಿ, ಟೇಪು ಸುತ್ತಿದ್ದು. ಅದನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟರೆ ಅರ್ಧ ಗಾಡಿಗಳು ಅಲ್ಲೇ ಗುಣವಾಗುತ್ತಿದ್ದವು.

ನಮ್ಮವರೂ ಹಿಂದೆ ಬಿದ್ದವರಲ್ಲ. ಒಂದು ಆಯುಧಪೂಜೆಯ ಮರುದಿನ ಇಲಾಖೆಯ ಕನ್ನಡಿಗ ಅಧಿಕಾರಿಯೊಬ್ಬರ ಹೆಂಡತಿ ತಮ್ಮ ಮಗನ ಬೈಕನ್ನು ತಳ್ಳಿಸಿಕೊಂಡು ಬಂದರು. ಬೀಗದ ಕೈ ತಿರುಗುತ್ತಿಲ್ಲ. ತಿರುಗಿದರೂ ದೀಪ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ನೋಡಿದರೆ ವಿಭೂತಿಯನ್ನು ನೀರಿನಲ್ಲಿ ಕಲಸಿ ಬೀಗದ ಕಿಂಡಿಯ ಮೇಲೇ ಮೂರು ಪಟ್ಟೆ ಎಳೆದಿದ್ದಾರೆ, ನಡುವೆ ಕುಂಕುಮ.

"ಪೂಜೆ ಮಾಡಿದ್ದಕ್ಕೇ ಕೆಟ್ಟಿತಾ?" ಎಂದು ಅವರು ಮುಖ ಸಣ್ಣ ಮಾಡಿದರು.

"ಪೂಜೆ ದೇವರಿಗೆ ಮುಟ್ಟಿದೆ ಅಮ್ಮ. ದಾರಿಯಲ್ಲಿ ಒಂದು ಸ್ವಿಚ್ ಇತ್ತು, ಅಷ್ಟೆ. ಮುಂದಿನ ವರ್ಷ ಮಡ್‌ಗಾರ್ಡಿಗೆ ಹಚ್ಚಿ."

ಇಂಥವು ಬೇಕಾದಷ್ಟು. ಇವೆಲ್ಲ ಚೌಹಾಣ್ ಸಾಹೇಬರ ನಿಯಮವನ್ನು ಗಟ್ಟಿ ಮಾಡುತ್ತ ಹೋದವು. ಕಾರ್ಬ್ಯುರೇಟರ್ ಹೋಗಿ ಪೆಟ್ರೋಲನ್ನು ಕಂಪ್ಯೂಟರೇ ಚಿಮ್ಮಿಸುವ ಹೊಸ ಗಾಡಿಗಳು ಬಂದವು, ಅವುಗಳೊಂದಿಗೆ ಸ್ಕ್ಯಾನರ್ ಬಂತು. ಸೀಟಿನ ಕೆಳಗೆ ವಯರು ಸಿಕ್ಕಿಸಿದರೆ ಗಾಡಿಯೇ ತನ್ನ ಕಾಯಿಲೆ ಹೇಳುತ್ತದೆ. ಕೆಲಸ ಹಗುರವಾಯಿತು. ನನಗೆ ಖುಷಿಯೇ ಆಯಿತು, ಹಳೆಯದೇ ಚೆನ್ನಾಗಿತ್ತು ಎನ್ನುವವರ ಗುಂಪಿನವನಲ್ಲ ನಾನು. ಆದರೆ ಸ್ಕ್ಯಾನರಿಗೂ ಬತ್ತಲೆ ಮಾಡಿದ ಗಾಡಿಯನ್ನೇ ತೋರಿಸುತ್ತಿದ್ದೆವು.

ಆಗ ಬಂದದ್ದು ಬಸವರಾಜನ ಗಾಡಿ.

ಬಸವರಾಜ ಗದಗದ ಕಡೆಯ ಹುಡುಗ. ಹುಡುಗ ಎಂದರೆ ನನಗೆ, ಅವನ ಮಗಳು ಕಾವ್ಯಾ ಆಗ ಹತ್ತನೇ ತರಗತಿ. ಟಪಾಲು ಸವಾರರಲ್ಲಿ ಕನ್ನಡದವನು ಅವನೊಬ್ಬನೇ. ದೆಹಲಿಯ ಚಳಿ ಬಲಿತು ಬೆಳಗಿನ ಮಂಜು ರಸ್ತೆಗೆ ಇಳಿಯುವ ಹೊತ್ತಿಗೆ ಅವನ ದೂರು ಶುರುವಾಯಿತು.

"ಸರ್, ಗಾಡಿ ತಾನಾಗೇ ಬಂದ್ ಆಗ್ತೈತ್ರಿ. ಮೀಟರ್ ದೀಪ ಹತ್ತಿರ್ತಾವು, ಎಂಜಿನ್ ಅಷ್ಟ ಸತ್ತಿರ್ತೈತಿ."

"ಎಲ್ಲಿ?"

"ಫ್ಲೈಓವರ್ ಕೆಳಗ ಯೂ ಟರ್ನ್ ತಗೊಳ್ಳೋವಾಗ್ರಿ. ನಡು ರಸ್ತ್ಯಾಗ. ನಿನ್ನೆ ಹಿಂದಿನ ಬಸ್ಸು ಮೈಮ್ಯಾಲ ಬಂದಂಗಾತು."

"ಆಮೇಲೆ?"

"ಬದಿಗೆ ತಳ್ಕೊಂಡು ಹೋಗಿ ಬಟನ್ ಒತ್ತಿದ್ರ ಚಾಲೂ ಆಗ್ತೈತಿ. ಏನೂ ಆಗೇ ಇಲ್ಲೇನೋ ಅನ್ನೋ ಹಂಗ."

ಇದು ಒಳ್ಳೆಯ ದೂರು. ಹೊಸಬರು ಗಮನಿಸಿ: ಸ್ಪೀಡ್ ಮೀಟರಿನ ದೀಪ ಉಳಿದು ಎಂಜಿನ್ ಮಾತ್ರ ನಿಂತರೆ ಬ್ಯಾಟರಿ, ದೊಡ್ಡ ಫ್ಯೂಸ್, ಬೀಗದ ಸ್ವಿಚ್ ಮೂರೂ ಸರಿ ಇವೆ ಎಂದು ಅರ್ಥ. ಉಳಿದದ್ದು ಎಂಜಿನ್ ನಿಲ್ಲಿಸುವ ಸ್ವಿಚ್ಚುಗಳು. ಬಲಗೈ ಬಳಿ ಇರುವ ಕೆಂಪು ಸ್ವಿಚ್, ಪಕ್ಕದ ಸ್ಟ್ಯಾಂಡಿನ ಸ್ವಿಚ್, ಅವುಗಳ ವಯರು. ನಿಯಮದಂತೆ ಗಾಡಿಯನ್ನು ಬತ್ತಲೆ ಮಾಡಿ ತೊಳೆದೆವು. ಸ್ಕ್ಯಾನರ್ ಹಾಕಿದೆವು, ದೋಷದ ಒಂದು ಕೋಡೂ ಇಲ್ಲ. ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿದೆವು, ಕೆಮ್ಮಲೂ ಇಲ್ಲ. ನಯೀಮ್ ಅದೇ ಫ್ಲೈಓವರಿಗೆ ಹೋಗಿ ಅದೇ ಯೂ ಟರ್ನ್ ತೆಗೆದುಕೊಂಡು ಬಂದ.

"ಗಾಡಿ ನಿಲ್ಲಲಿಲ್ಲ ಉಸ್ತಾದ್. ನಾನೇ ನಿಂತೆ. ಅಲ್ಲೊಂದು ಚಾಯ್ ಠೇಲಾಗಾಡಿ ಇದೆ, ಶುಂಠಿ ಚೆನ್ನಾಗಿ ಹಾಕುತ್ತಾನೆ" ಎಂದ.

ಅವನು ತಮಾಷೆಗೆ ಹೇಳಿದ್ದು ಸುತ್ತಿ ಸುತ್ತಿ ಮೇಲಿನ ಕಚೇರಿ ಮುಟ್ಟಿತು. ಗಾಡಿ ವಾಪಸು ಹೋದ ಮರುದಿನವೇ ಮತ್ತೆ ನಿಂತಿತು. ಮತ್ತೆ ಬಂತು. ಈ ಸಲ ಸ್ಟ್ಯಾಂಡಿನ ಸ್ವಿಚ್ ಬದಲಿಸಿದೆವು, ಮಂಜಿನ ತೇವವಿರಬಹುದೆಂದು ಎಲ್ಲ ಕನೆಕ್ಟರುಗಳಿಗೂ ಸ್ಪ್ರೇ ಹೊಡೆದೆವು. ವಾಪಸು ಹೋಯಿತು, ಮತ್ತೆ ನಿಂತಿತು. ಪ್ರತಿ ಸಲವೂ ನಾವು ಬರೆದದ್ದು ಒಂದೇ, ದೋಷ ಕಂಡುಬಂದಿಲ್ಲ.

ಚೌಹಾಣ್ ಸಾಹೇಬರು ನನ್ನನ್ನು ಕರೆದರು. "ತುರ್ತು ಲಕೋಟೆಗಳು ತಡವಾಗಿವೆ. ಚಳಿಗೆ ಹೆದರಿ ಸವಾರ ಚಾಯ್ ಕುಡಿಯುತ್ತ ಕೂರುತ್ತಾನೆ ಅಂತ ಮೇಲಿನವರ ಅಭಿಪ್ರಾಯ. ಗಾಡಿಯಲ್ಲಿ ದೋಷವಿಲ್ಲ ಅಂತ ನಾವೇ ಬರೆದುಕೊಟ್ಟಿದ್ದೇವಲ್ಲ. ಇನ್ನೊಮ್ಮೆ ಹೀಗಾದರೆ ಅವನ ಹೆಸರನ್ನು ಸವಾರರ ಪಟ್ಟಿಯಿಂದ ತೆಗೆಯುತ್ತಾರೆ."

"ಅವನು ಸುಳ್ಳು ಹೇಳುವವನಲ್ಲ, ಸಾಹೇಬ್."

"ನನಗೂ ಹಾಗೇ ಅನ್ನಿಸುತ್ತದೆ. ಅನ್ನಿಸಿಕೆಯನ್ನು ಕಾಗದದ ಮೇಲೆ ಹೇಗೆ ಬರೆಯಲಿ?"

ಪಟ್ಟಿಯಿಂದ ಹೆಸರು ಹೋದರೆ ನೌಕರಿ ಹೋಗುತ್ತಿರಲಿಲ್ಲ, ಗೋದಾಮಿನಲ್ಲಿ ಸಾಮಾನು ಎತ್ತುವ ಕೆಲಸ ಸಿಗುತ್ತಿತ್ತು. ಆದರೆ ಕಚೇರಿಯ ಪಕ್ಕದ ಕ್ವಾರ್ಟರ್ಸ್ ಕರೆದಾಗ ಬರಬೇಕಾದ ಸವಾರರಿಗೆಂದೇ ಇದ್ದದ್ದು. ಅದನ್ನು ಬಿಡಬೇಕು. ಕಾವ್ಯಾಳ ಶಾಲೆ ಆ ಕ್ವಾರ್ಟರ್ಸಿನ ಗೋಡೆಗೆ ಹೊಂದಿಕೊಂಡಿತ್ತು, ಬೋರ್ಡ್ ಪರೀಕ್ಷೆ ಎದುರಿಗಿತ್ತು. ಅಪ್ಪ ಕೆಲಸಗಳ್ಳ ಎಂಬ ಮಾತು ಆ ಕ್ವಾರ್ಟರ್ಸಿನ ಮೆಟ್ಟಿಲುಗಳ ಮೇಲೆ ಆಗಲೇ ಓಡಾಡುತ್ತಿತ್ತು.

ಸಂಕ್ರಾಂತಿ ಬಂತು. ಸರೋಜಾ ಎಳ್ಳು ಬೆಲ್ಲದ ಪೊಟ್ಟಣ ಕಟ್ಟಿ, "ಬಸವರಾಜನ ಮನೆಗೆ ಹೋಗಿ ಬರೋಣ. ಅವರ ಮುಖ ನೋಡೋಕೆ ಆಗ್ತಿಲ್ಲ" ಎಂದಳು. ಹೋದೆವು. ಬಸವರಾಜನ ಹೆಂಡತಿ ಸುಮಂಗಲಾ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಉಪಚರಿಸಿದಳು. ಗಾಡಿಯ ಮಾತನ್ನು ಯಾರೂ ಎತ್ತಲಿಲ್ಲ. ಅವನ ಮಧ್ಯಾಹ್ನದ ಪಾಳಿಯ ಹೊತ್ತಾಯಿತು. ಅವನನ್ನು ಕಳಿಸಲು ಎಲ್ಲರೂ ಕೆಳಗಿಳಿದೆವು.

ಆಗ ನೋಡಿದೆ. ಸುಮಂಗಲಾ ಬಗಲಿನಿಂದ ಎರಡು ದಪ್ಪ ಚೀಲಗಳನ್ನು ತೆಗೆದು ಹ್ಯಾಂಡಲಿನ ಎರಡೂ ತುದಿಗೆ ತೊಡಿಸಿದಳು. ದೆಹಲಿಯಲ್ಲಿ ಚಳಿಗಾಲ ಬಂತೆಂದರೆ ಹಾಲಿನವರು, ಡೆಲಿವರಿ ಹುಡುಗರು ಹ್ಯಾಂಡಲಿಗೆ ರೆಕ್ಸಿನ್ ಕವರ್ ಹಾಕುತ್ತಾರೆ. ಕೈಯನ್ನು ಅದರೊಳಗೆ ತೂರಿಸಿ ಓಡಿಸುವುದು. ಇವು ಅಂಗಡಿಯವಲ್ಲ, ಕೌದಿಯವು. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಇಟ್ಟು ಒತ್ತೊತ್ತಾಗಿ ಹೊಲಿದ ಉತ್ತರ ಕರ್ನಾಟಕದ ಕೌದಿ. ಗಾಳಿ ನುಗ್ಗದಂತೆ ಅದರ ಬಾಯನ್ನು ಅವಳು ಹಸಿರು ಸೀರೆಯ ಅಂಚಿನಿಂದ ಸುತ್ತಿ ಬಿಗಿದು ಗಂಟು ಹಾಕಿದಳು.

"ದಿನಾ ನೀನೇ ಕಟ್ಟುವುದಾ?" ಎಂದು ಕೇಳಿದೆ.

"ಹೌದ್ರಿ. ಇವ್ರು ಕಟ್ಟಿದ್ರ ಸಡ್ಲ ಬಿಡ್ತಾರ. ಕೈ ಮರಗಟ್ಟಿ ಬ್ರೇಕ್ ಹಿಡ್ಯಾಕ ಬರಂಗಿಲ್ಲ."

"ವರ್ಕ್‌ಶಾಪಿಗೆ ತರುವಾಗ?"

ಬಸವರಾಜ ಹೇಳಿದ: "ಬಾಗಲದಾಗ ಬಿಚ್ಚಿ ಡಿಕ್ಕಿಯಾಗ ಇಟ್ಟ ಬರ್ತೀನ್ರಿ. ಇಲ್ಲಾಂದ್ರ ನಯೀಮ್ ಭಾಯ್ ನಗ್ತಾನ. ಹೆಂಗೂ ನೀವ ಬಿಚ್ಚಸ್ತೀರಲ್ಲ."

ಆ ಗಂಟಿನ ಬಳಿ ಬಗ್ಗಿ ನೋಡಿದೆ. ಬಲಗೈ ಸ್ವಿಚ್ಚಿನಿಂದ ಹೊರಡುವ ವಯರಿನ ಕಟ್ಟು ಹ್ಯಾಂಡಲಿನ ಮುಂದಿನಿಂದ ಸುತ್ತಿಕೊಂಡು ಎಡಬದಿಯಲ್ಲಿ ಟ್ಯಾಂಕಿನ ಕೆಳಗೆ ಇಳಿಯುತ್ತದೆ. ಹ್ಯಾಂಡಲ್ ಬಲಕ್ಕೆ ತಿರುಗುವಾಗ ಅದಕ್ಕೆ ಸ್ವಲ್ಪ ಸಡಿಲ ಬೇಕು. ಸೀರೆಯ ಅಂಚು ಆ ಸಡಿಲವನ್ನೂ ಸೇರಿಸಿ ಬಿಗಿದಿತ್ತು.

"ಬಸವರಾಜ, ಗಾಡಿ ಚಾಲೂ ಮಾಡು. ನಿಂತಲ್ಲೇ ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸು."

ತಿರುಗಿಸಿದ. ಎಂಜಿನ್ ನಿಂತಿತು. ಮೀಟರಿನ ದೀಪಗಳು ಉರಿಯುತ್ತಲೇ ಇದ್ದವು.

"ಪಪ್ಪಾ, ಫಿರ್ ಸೇ ಕರೋ" ಎಂದಳು ಕಾವ್ಯಾ.

ನೇರ ಮಾಡಿ ಚಾಲೂ ಮಾಡಿದ, ತಿರುಗಿಸಿದ. ಮತ್ತೆ ನಿಂತಿತು. ಬಸವರಾಜ ನಗಲು ಶುರು ಮಾಡಿದ. ಸುಮಂಗಲಾ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನನ್ನ ಗಂಟಿನಿಂದ ಇಷ್ಟೆಲ್ಲಾ ಆತೇನ್ರಿ? ನಾನ ಬಸ್ಸಿನ ಬಾಯಿಗೆ ಕೊಡ್ತಿದ್ದೆನೇನ್ರಿ ಇವ್ರನ್ನ?"

"ಇಲ್ಲಮ್ಮ. ವಯರು ಸರಿಯಿದ್ದರೆ ಇಷ್ಟು ಎಳೆತಕ್ಕೆ ಏನೂ ಆಗುವುದಿಲ್ಲ. ಸ್ವಿಚ್ಚಿನ ಒಳಗೆ ಎಲ್ಲೋ ಬೆಸುಗೆ ಬಿಟ್ಟಿದೆ. ನಿನ್ನ ಗಂಟು ಅದನ್ನು ಹಿಡಿದು ತೋರಿಸಿತು. ನಾವು ಪ್ರತಿ ಸಲ ಬಿಚ್ಚಿ ಬಚ್ಚಿಡುತ್ತಿದ್ದೆವು." ಅವಳು ನಂಬಿದಂತೆ ಕಾಣಲಿಲ್ಲ. ಸರೋಜಾ ಅವಳ ಕೈ ಹಿಡಿದುಕೊಂಡಳು. ಆ ದಿನ ಬಸವರಾಜ ಕವರ್ ಇಲ್ಲದೆ ಹೋದ, ಗಾಡಿ ಎಲ್ಲೂ ನಿಲ್ಲಲಿಲ್ಲ.

ಮರುದಿನ ಗಾಡಿಯನ್ನು ಕೌದಿ ಸಮೇತ ವರ್ಕ್‌ಶಾಪಿನೊಳಗೆ ತಂದೆವು. ಗಂಟು ಸುಮಂಗಲಾಳೇ ಹಾಕಿ ಕಳಿಸಿದ್ದು. ನಯೀಮ್ ಅಭ್ಯಾಸದಂತೆ ಬಿಚ್ಚಲು ಕೈಹಾಕಿದ.

"ಮುಟ್ಟಬೇಡ" ಎಂದೆ.

"ಯಾಕೆ ಉಸ್ತಾದ್, ಗಾಡಿಗೆ ನೆಗಡಿಯಾ?"

ಚೌಹಾಣ್ ಸಾಹೇಬರನ್ನು ಕರೆದೆ. ಅವರು ಗೋಡೆಯ ಬರಹವನ್ನೊಮ್ಮೆ, ಕೌದಿಯನ್ನೊಮ್ಮೆ ನೋಡಿದರು. "ಇವತ್ತು ಒಂದು ದಿನ ನಿಯಮ ಬಿಡಬೇಕು ಸಾಹೇಬ್. ನೀವೇ ಕೂತು ನೋಡಿ" ಎಂದೆ. ನಿಯಮ ಬಿಡಿ ಎಂದು ಅವರಿಗೆ ಯಾರೂ ಹೇಳಿದ್ದಿಲ್ಲ, ನಾನಂತೂ ಹೇಳುವವನೇ ಅಲ್ಲ. ಅದಕ್ಕೇ ಇರಬೇಕು, ಒಪ್ಪಿದರು. ಇಸ್ತ್ರಿ ಅಂಗಿಯ ತೋಳನ್ನು ಕೌದಿಯೊಳಗೆ ತೂರಿಸಿ ಗಾಡಿಯ ಮೇಲೆ ಕುಳಿತರು. ಚಾಲೂ ಮಾಡಿ ಎಡಕ್ಕೆ ತಿರುಗಿಸಿದರು, ಏನೂ ಆಗಲಿಲ್ಲ. ಬಲಕ್ಕೆ ತಿರುಗಿಸಿದರು, ಎಂಜಿನ್ ನಿಂತಿತು. ಮತ್ತೆ ಮಾಡಿದರು, ಮತ್ತೆ ನಿಂತಿತು.

ಚೌಹಾಣ್ ಸಾಹೇಬರು ಕೈ ಹೊರತೆಗೆಯಲಿಲ್ಲ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಾಗೇ ಕುಳಿತಿದ್ದರು.

"ಅಚ್ಛಾ," ಎಂದರು ಕೊನೆಗೆ. "ಬೆಚ್ಚಗಿದೆ."

ಸ್ವಿಚ್ ಬಿಚ್ಚಿದೆವು. ಕೆಂಪು ಸ್ವಿಚ್ಚಿನ ಒಂದು ವಯರಿನ ಬುಡದಲ್ಲಿ ಬೆಸುಗೆ ಉಂಗುರದಂತೆ ಸೀಳಿತ್ತು. ಸುಮ್ಮನಿದ್ದಾಗ ತಾಗುತ್ತಿತ್ತು, ಹೊರಕ್ಕೆ ಎಳೆದಾಗ ಮಾತ್ರ ಬಿಡುತ್ತಿತ್ತು. ನಯೀಮ್ ಭೂತಗನ್ನಡಿ ಹಿಡಿದು ನೋಡಿ ಬಸವರಾಜನ ಕಡೆ ತಿರುಗಿದ. "ಭಾಯ್, ಆ ಠೇಲಾದ ಚಾಯ್ ಇನ್ನು ನನ್ನ ಲೆಕ್ಕದಲ್ಲಿ. ಮಾತು ಹಬ್ಬಿಸಿದ್ದು ನಾನೇ ತಾನೇ" ಎಂದ. ಹೊಸ ಸ್ವಿಚ್ ಹಾಕಿದೆವು. ವಯರನ್ನು ಹೊರಗೆ ಬಿಟ್ಟು, ಒಂದು ಬೆರಳು ಆಡುವಷ್ಟು ಸಡಿಲವಾಗಿ ಕೌದಿಯನ್ನು ಕಟ್ಟುವುದು ಹೇಗೆಂದು ಬಸವರಾಜನಿಗೆ ತೋರಿಸಿದೆ.

ಚೌಹಾಣ್ ಸಾಹೇಬರು ಸೀಳಿದ ಸ್ವಿಚ್ಚನ್ನು ಲಕೋಟೆಯಲ್ಲಿ ಹಾಕಿಕೊಂಡು ತಾವೇ ಮೇಲಿನ ಕಚೇರಿಗೆ ಹೋದರು. ಅಲ್ಲಿ ಏನು ಹೇಳಿದರೋ ನಮಗೆ ಹೇಳಲಿಲ್ಲ. ಬಸವರಾಜನ ಹೆಸರು ಪಟ್ಟಿಯಲ್ಲೇ ಉಳಿಯಿತು. ಕಾವ್ಯಾ ಅದೇ ಕ್ವಾರ್ಟರ್ಸಿನಿಂದ ನಡೆದುಹೋಗಿ ಪರೀಕ್ಷೆ ಬರೆದಳು. ವಾಪಸು ಬಂದ ಸಾಹೇಬರು ಪೇಂಟರನ್ನು ಕರೆಸಿ ಗೋಡೆಯ ಮೇಲಿನ ನಿಯಮದ ಮೇಲ್ಗಡೆ ಇನ್ನೊಂದು ಸಾಲು ಬರೆಸಿದರು: ಗಾಡಿ ಹೇಗೆ ಬಂತೋ ಮೊದಲು ಹಾಗೆಯೇ ಓಡಿಸಿ ನೋಡಿ. ಹಳೆಯ ನಿಯಮವನ್ನು ಅಳಿಸಲಿಲ್ಲ, ಒಂದು ಮೆಟ್ಟಿಲು ಕೆಳಗಿಳಿಸಿದರು. ಆಮೇಲೆ ನನ್ನನ್ನು ಬದಿಗೆ ಕರೆದು, ಸುಮಂಗಲಾ ತಮ್ಮ ಸ್ಕೂಟರಿಗೂ ಒಂದು ಜೊತೆ ಹೊಲಿದುಕೊಡಬಹುದೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಅವಳು ಹೊಲಿದುಕೊಟ್ಟಳು. ನನಗೂ ಒಂದು ಜೊತೆ ಬಂತು.

ಈಗ ನಾನು ನಿವೃತ್ತನಾಗಿ ದೆಹಲಿಯ ಪಕ್ಕದ ಇಂದಿರಾಪುರಂನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಸ್ಟೂಲು ಹಾಕಿ ಕೂರುತ್ತೇನೆ. ನೋಯ್ಡಾದ ಐಟಿ ಕಚೇರಿಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರು ಗಾಡಿ ತರುತ್ತಾರೆ. ಇಲಿ ಕಡಿದ ವಯರು, ನೀರು ಕುಡಿದ ಇಂಡಿಕೇಟರ್, ಇಂಥವೇ ಹೆಚ್ಚು. ಉಸ್ತಾದರ ಬಲ್ಬು, ಚೌಹಾಣ್ ಸಾಹೇಬರ ಗೋಡೆ, ನಯೀಮನ ನಾಲಿಗೆ ಯಾವುದೂ ನಾನು ಸಂಪಾದಿಸಿದ್ದಲ್ಲ, ಸಿಕ್ಕಿದ್ದು. ಸಿಕ್ಕಿದ್ದನ್ನು ಮುಂದಕ್ಕೆ ಕೊಡುತ್ತಿದ್ದೇನೆ.

ಹೋದ ಭಾನುವಾರ ಕಾವ್ಯಾ ಬಂದಿದ್ದಳು. ನೋಯ್ಡಾದಲ್ಲೇ ಕಾಲೇಜು, ಓಡಾಟಕ್ಕೆ ಬ್ಯಾಟರಿ ಸ್ಕೂಟರ್. ಹ್ಯಾಂಡಲಿಗೆ ಅವಳ ಅಮ್ಮನ ಕೌದಿ, ಕೊಕ್ಕೆಗೆ ಲ್ಯಾಪ್‌ಟಾಪ್ ಚೀಲ, ಕನ್ನಡಿಗೆ ಏನೋ ಗೊಂಬೆ.

"ಅಂಕಲ್, ಮೆಟ್ರೋ ಸ್ಟೇಷನ್ ಹತ್ರ ಬಂದಾಗ ಸ್ಕೂಟರ್ ಬಂದ್ ಹೋ ಜಾತಾ ಹೈ."

ನಾನು ಎದ್ದು ಚೀಲದ ಕಡೆಗೆ ಕೈಚಾಚಿದೆ. ಹಳೆಯ ಕೈ, ಅದರ ಅಭ್ಯಾಸ ಅದಕ್ಕೆ. ಕಾವ್ಯಾ ನನಗಿಂತ ಮೊದಲು ಚೀಲ ಹಿಡಿದುಕೊಂಡಳು.

"ಏನೂ ತೆಗೀಬೇಡಿ ಅಂಕಲ್. ಮೊದಲು ಹೀಗೇ."

ಕೌದಿಯ ಗಂಟಿನೊಳಗೆ ಬೆರಳು ಹಾಕಿ ನೋಡಿದೆ. ಸಡಿಲವಿತ್ತು. ಕೈಗಳನ್ನು ಬೆಚ್ಚಗೆ ಒಳಗೆ ತೂರಿಸಿ ಸ್ಕೂಟರಿನ ಮೇಲೆ ಕುಳಿತೆ.

"ಹಿಂದೆ ಕೂತ್ಕೋ," ಎಂದೆ. "ಎಲ್ಲಿ ನಿಲ್ಲುತ್ತೋ ಅಲ್ಲಿಗೇ ಹೋಗೋಣ."